ಸಾವಿನ ವೇಳೆಯನ್ನು ಚಿತ್ರ ಹೇಳಬಲ್ಲುದೆ?

ಶವವೊಂದು ಪತ್ತೆಯಾದಾಗ ಪೊಲೀಸರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ಸಾವು ಎಷ್ಟು ಹೊತ್ತಿಗೆ ಸಂಭವಿಸಿರಬಹುದು?’ ಎಂಬುದು. ಕೊಲೆಯ ಶಂಕೆ ಇದ್ದರಂತೂ ಈ ಉತ್ತರಕ್ಕೆ ತುಂಬ ಮಹತ್ವವಿದೆ. ಆ ಹೊತ್ತಿನಲ್ಲಿ ಯಾರು ಎಲ್ಲಿದ್ದರು, ಯಾರ ಹೇಳಿಕೆ ನಂಬಲರ್ಹ ಎಂಬುದನ್ನು ತೂಗಿ ನೋಡುವುದು ಇದರ ಆಧಾರದಿಂದಲೇ. ಕಳೆದ ಎರಡೂವರೆ ದಶಕಗಳಲ್ಲಿ ಸಿಟಿ, ಎಂಆರ್‌ಐ ಮತ್ತು ಉಷ್ಣಚಿತ್ರ ಕ್ಯಾಮೆರಾಗಳು ಆಸ್ಪತ್ರೆಯಿಂದ ಶವಾಗಾರಕ್ಕೂ ಬಂದಿವೆ. ದೇಹವನ್ನು ಕೊಯ್ಯದೆ, ಮುಟ್ಟದೆ ಕೇವಲ ಚಿತ್ರಗಳಿಂದಲೇ ಸಾವಿನ ವೇಳೆಯನ್ನು ನಿಮಿಷಗಳ ನಿಖರತೆಯಲ್ಲಿ ಹೇಳಬಹುದು ಎಂಬ ಮಾತು ಈಗ ಸುದ್ದಿಗಳಲ್ಲಿ ಆಗಾಗ ಕೇಳಿಬರುತ್ತಿದೆ.

ಈ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಇಲ್ಲಿ ಬಳಕೆಯಾಗುವ ಉಪಕರಣಗಳೆಲ್ಲ ಭೌತವಿಜ್ಞಾನದ ಕೊಡುಗೆಗಳೇ. ಅವು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂಬ ಪ್ರಶ್ನೆಯೂ ಭೌತವಿಜ್ಞಾನದ್ದೇ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕ್ಯಾಮೆರಾವೂ ಯಾವ ಸ್ಕ್ಯಾನರ್ ಯಂತ್ರವೂ ಕಾಲವನ್ನು ಅಳೆಯುವುದಿಲ್ಲ. ಅದು ಅಳೆಯುವುದು ಉಷ್ಣತೆಯನ್ನು, ಸಾಂದ್ರತೆಯನ್ನು ಅಥವಾ ರಾಸಾಯನಿಕದ ಪ್ರಮಾಣವನ್ನು. ಅಳತೆಯಿಂದ ಕಾಲಕ್ಕೆ ಹೋಗಲು ಮಧ್ಯದಲ್ಲಿ ಒಂದು ಲೆಕ್ಕದ ಮಾದರಿ ಬೇಕು. ಅಳತೆ ಎಷ್ಟೇ ನಿಖರವಾಗಿರಲಿ, ಆ ಮಾದರಿಯ ದೋಷಗಳೆಲ್ಲ ಉತ್ತರದೊಳಗೆ ಸೇರಿಕೊಳ್ಳುತ್ತವೆ.

ವೇಳೆ ತಪ್ಪಿದರೆ ಏನಾದೀತು?

ಇದು ಬರೀ ಪುಸ್ತಕದ ಚರ್ಚೆಯಲ್ಲ ಎಂಬುದಕ್ಕೆ ಕೆನಡಾದ ಒಂದು ಪ್ರಕರಣ ಸಾಕ್ಷಿ. 1959ರ ಜೂನ್ 9ರ ಸಂಜೆ ಒಂಟಾರಿಯೊ ಪ್ರಾಂತ್ಯದ ಕ್ಲಿಂಟನ್ ಎಂಬಲ್ಲಿ 12 ವರ್ಷದ ಬಾಲಕಿಯೊಬ್ಬಳು ಕಾಣೆಯಾದಳು. ಎರಡು ದಿನಗಳ ನಂತರ ಆಕೆಯ ಶವ ಸಿಕ್ಕಿತು. ಆ ಸಂಜೆ ಆಕೆಯನ್ನು ತನ್ನ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿದ್ದವನು ಸಹಪಾಠಿ ಸ್ಟೀವನ್ ಟ್ರಸ್ಕಾಟ್. ಅವನಿಗಾಗ 14 ವರ್ಷ. ಹೆದ್ದಾರಿಯ ಬಳಿ ಆಕೆಯನ್ನು ಇಳಿಸಿ ಬಂದೆ ಎಂದು ಅವನು ಹೇಳಿದ. ಶವಪರೀಕ್ಷೆ ನಡೆಸಿದ ವೈದ್ಯರು ಜಠರದಲ್ಲಿ ಉಳಿದಿದ್ದ ಆಹಾರವನ್ನು ನೋಡಿ, ಸಾವು ಸಂಜೆ 7 ಗಂಟೆಯಿಂದ 7.45ರ ಒಳಗೆ ಆಗಿದೆ ಎಂದು ನುಡಿದರು. ಆ ಮುಕ್ಕಾಲು ಗಂಟೆಯಲ್ಲಿ ಆಕೆಯ ಜೊತೆಗಿದ್ದವನು ಟ್ರಸ್ಕಾಟ್ ಒಬ್ಬನೇ ಎಂಬುದು ಮೊಕದ್ದಮೆಯ ಮುಖ್ಯ ಆಧಾರವಾಯಿತು. ಹದಿನಾಲ್ಕರ ಬಾಲಕನಿಗೆ ಗಲ್ಲು ಶಿಕ್ಷೆ ವಿಧಿಸಲಾಯಿತು. ಮುಂದೆ ಅದು ಜೀವಾವಧಿ ಶಿಕ್ಷೆಯಾಗಿ, 1969ರಲ್ಲಿ ಅವನು ಪೆರೋಲ್ ಮೇಲೆ ಹೊರಬಂದ.

ಜಠರ ಬರಿದಾಗುವ ವೇಗ ಒಬ್ಬರಿಂದ ಒಬ್ಬರಿಗೆ, ಊಟದಿಂದ ಊಟಕ್ಕೆ, ಮನಸ್ಸಿನ ಸ್ಥಿತಿಗೆ ತಕ್ಕಂತೆ ಬಹಳ ಬದಲಾಗುತ್ತದೆ. ಅದರಿಂದ ಮುಕ್ಕಾಲು ಗಂಟೆಯ ನಿಖರತೆಯನ್ನು ಪಡೆಯಲು ಸಾಧ್ಯವೇ ಇಲ್ಲ. ಇದನ್ನು ನ್ಯಾಯಾಲಯ ಒಪ್ಪಿ, ಅಂದಿನ ತೀರ್ಪು ನ್ಯಾಯದ ಲೋಪವೆಂದು ಹೇಳಿ ಟ್ರಸ್ಕಾಟ್‌ನನ್ನು ಖುಲಾಸೆ ಮಾಡಿದ್ದು 2007ರ ಆಗಸ್ಟ್ 28ರಂದು. ಅಂದರೆ 48 ವರ್ಷಗಳ ಬಳಿಕ. ಅಲ್ಲಿ ಕಣ್ಣಿನಿಂದ ಕಂಡ ವಸ್ತುವೇನೂ ಸುಳ್ಳಾಗಿರಲಿಲ್ಲ. ಜಠರದಲ್ಲಿ ಆಹಾರ ಇದ್ದದ್ದು ನಿಜ. ಅದನ್ನು ಗಡಿಯಾರವನ್ನಾಗಿ ಓದಿದ ಕ್ರಮ ಮಾತ್ರ ತಪ್ಪಾಗಿತ್ತು. ಇಂದಿನ ಚಿತ್ರಗಳ ಬಗ್ಗೆ ಯೋಚಿಸುವಾಗಲೂ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಹಳೆಯ ಗಡಿಯಾರ: ದೇಹದ ಉಷ್ಣತೆ

ಸಾವಿನ ನಂತರದ ಮೊದಲ ದಿನದ ಮಟ್ಟಿಗೆ ಅತ್ಯಂತ ಹೆಚ್ಚು ಅಧ್ಯಯನವಾಗಿರುವ ಸೂಚಕ ದೇಹದ ಉಷ್ಣತೆ. ಇದರ ಮೂಲತತ್ತ್ವ ನೀವು ಕಾಲೇಜಿನಲ್ಲಿ ಓದಿದ ನ್ಯೂಟನ್ನನ ತಂಪಾಗುವಿಕೆಯ ನಿಯಮ. ಲೋಟದಲ್ಲಿಟ್ಟ ಬಿಸಿ ಕಾಫಿಯ ಉಷ್ಣತೆ ಸುತ್ತಲಿನ ಉಷ್ಣತೆಗಿಂತ ಎಷ್ಟು ಹೆಚ್ಚಿದೆಯೋ ಅದಕ್ಕೆ ಅನುಪಾತವಾಗಿ ಅದು ತಂಪಾಗುತ್ತದೆ. ಮೊದಲು ಬೇಗ, ಬರಬರುತ್ತ ನಿಧಾನ.

ಮನುಷ್ಯದೇಹ ಕಾಫಿಯ ಲೋಟದಷ್ಟು ಸರಳವಲ್ಲ. ಚರ್ಮ ತಂಪಾಗತೊಡಗಿದ ಸಂಗತಿ ಒಡಲಿನ ಒಳಭಾಗಕ್ಕೆ ತಲುಪಲು ಗಂಟೆಗಳೇ ಬೇಕು. ಏಕೆಂದರೆ ಊತಕಗಳು ಒಳ್ಳೆಯ ಉಷ್ಣವಾಹಕಗಳಲ್ಲ. ಆದ್ದರಿಂದ ಒಳಗಿನ ಉಷ್ಣತೆ ಸ್ವಲ್ಪ ಹೊತ್ತು ಹೆಚ್ಚೂಕಡಿಮೆ ಹಾಗೆಯೇ ಉಳಿದು ಅನಂತರ ಇಳಿಯಲು ತೊಡಗುತ್ತದೆ. 1955ರಲ್ಲಿ ಕೊಲಂಬೊದ ಡಿ ಸಾರಂ ಮತ್ತು ಸಂಗಡಿಗರು ಗಲ್ಲಿಗೇರಿದ ಕೈದಿಗಳ ದೇಹಗಳ ಮೇಲೆ ಅಳತೆ ನಡೆಸಿದರು. ಸಾವಿನ ವೇಳೆ ಖಚಿತವಾಗಿ ಗೊತ್ತಿರುವ ಸಂದರ್ಭಗಳು ಅಷ್ಟು ಅಪರೂಪ. ಉಷ್ಣವಲಯದಲ್ಲಿ ನಡೆದ ಅಧ್ಯಯನವೆಂಬ ಕಾರಣಕ್ಕೂ ಅದು ನಮಗೆ ಮುಖ್ಯ. 1962ರಲ್ಲಿ ಮಾರ್ಷಲ್ ಮತ್ತು ಹೋರ್ ಎಂಬುವರು ತಂಪಾಗುವಿಕೆಯನ್ನು ಎರಡು ಘಾತೀಯ ಪದಗಳ ಸೂತ್ರವಾಗಿ ಬರೆದರು. ಜರ್ಮನಿಯ ಕ್ಲಾಸ್ ಹೆನ್ಸ್‌ಗೆ ಅದನ್ನು ಬೆಳೆಸಿ, ದೇಹದ ತೂಕ, ಬಟ್ಟೆ, ಗಾಳಿ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡು, ವೈದ್ಯರು ಸ್ಥಳದಲ್ಲೇ ಬಳಸಬಹುದಾದ ರೇಖಾಪಟವನ್ನು ರೂಪಿಸಿದರು. ಇಂದಿಗೂ ಹೊಸ ವಿಧಾನಗಳನ್ನು ಹೋಲಿಸಿ ನೋಡುವುದು ಇದರೊಂದಿಗೇ.

ಹೆನ್ಸ್‌ಗೆಯವರ ಕೆಲಸದಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಸೂತ್ರವನ್ನಲ್ಲ, ಅದರ ಜೊತೆಗೆ ಅವರು ಕೊಟ್ಟ ದೋಷದ ಅಂಕಿಯನ್ನು. ಪರಿಸ್ಥಿತಿ ಅತ್ಯಂತ ಅನುಕೂಲವಾಗಿದ್ದಾಗಲೂ ಉತ್ತರ 2.8 ಗಂಟೆ ಹಿಂದೆ ಅಥವಾ ಮುಂದೆ ಇರಬಹುದು. ನೂರರಲ್ಲಿ 95 ಪ್ರಕರಣಗಳು ಮಾತ್ರ ಈ ಮಿತಿಯೊಳಗೆ ಬೀಳುತ್ತವೆ ಎಂದು ಆ ರೇಖಾಪಟವೇ ಸಾರುತ್ತದೆ. ಬಟ್ಟೆ, ಗಾಳಿಗಳ ತಿದ್ದುಪಡಿ ಬೇಕಾದಾಗ ಈ ಮಿತಿ ಇನ್ನೂ ಹಿಗ್ಗುತ್ತದೆ. ಒಟ್ಟು ಐದೂವರೆ ಗಂಟೆಗೂ ಹೆಚ್ಚಿನ ಈ ಹರವನ್ನು ನೋಡಿ ಪೊಲೀಸರಿಗೆ ನಿರಾಸೆಯಾಗಬಹುದು. ಆದರೆ ಅದು ಪ್ರಾಮಾಣಿಕ ಉತ್ತರ.

ಉಷ್ಣಚಿತ್ರಗಳ ಹೊಸ ಭರವಸೆ

ಈಗ ಹೊಸ ವಿಧಾನಕ್ಕೆ ಬರೋಣ. 2020ರಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡಾಮ್‌ನ ಸಂಶೋಧಕರು ಒಂದು ಗಮನಾರ್ಹ ಪ್ರಬಂಧ ಪ್ರಕಟಿಸಿದರು. ಗುದದ ಉಷ್ಣತೆಯ ಒಂದೇ ಅಳತೆಗೆ ಬದಲಾಗಿ ಅವರು ಚರ್ಮದ ಹಲವು ಕಡೆಗಳ ಉಷ್ಣತೆಯನ್ನು ತೆಗೆದುಕೊಂಡರು. ದೇಹದ ಆಕಾರ, ಅದು ಬಿದ್ದಿರುವ ಭಂಗಿ, ಕೆಳಗಿನ ನೆಲ, ಮೇಲಿನ ಬಟ್ಟೆ ಎಲ್ಲವನ್ನೂ ಗಣಕದಲ್ಲಿ ಮಾದರಿಯಾಗಿ ರಚಿಸಿ, ಉಷ್ಣವಹನದ ಸಮೀಕರಣವನ್ನು ಬಿಡಿಸಿದರು. ಅಳೆದ ಉಷ್ಣತೆಗಳು ಲೆಕ್ಕದ ಉಷ್ಣತೆಗಳಿಗೆ ಯಾವ ಹೊತ್ತಿಗೆ ಸರಿಹೊಂದುತ್ತವೆಯೋ ಅದೇ ಮರಣಾನಂತರದ ಅವಧಿ. 5ರಿಂದ 50 ಗಂಟೆಗಳವರೆಗಿನ ಅವಧಿಗಳಲ್ಲಿ ತಮ್ಮ ಉತ್ತರ ನಿಜವಾದ ವೇಳೆಯಿಂದ 38 ನಿಮಿಷಕ್ಕಿಂತ ಹೆಚ್ಚು ತಪ್ಪಲಿಲ್ಲ ಎಂದು ಅವರು ವರದಿ ಮಾಡಿದರು. 2021ರಲ್ಲಿ ಇದೇ ಬಳಗ ಉಷ್ಣಚಿತ್ರ ಕ್ಯಾಮೆರಾ ಮತ್ತು ಸಾಮಾನ್ಯ ಛಾಯಾಚಿತ್ರಗಳನ್ನು ಜೋಡಿಸಿ, ದೇಹವನ್ನು ಮುಟ್ಟದೆಯೇ ಮೂರು ಆಯಾಮದ ಉಷ್ಣಚಿತ್ರವನ್ನು ರಚಿಸುವ ವಿಧಾನವನ್ನೂ ತೋರಿಸಿತು.

ಭೌತವಿಜ್ಞಾನದ ದೃಷ್ಟಿಯಿಂದ ಇದು ಒಳ್ಳೆಯ ಕೆಲಸ. ಎಲ್ಲ ದೇಹಗಳಿಗೂ ಒಂದೇ ಸೂತ್ರವನ್ನು ಹೊಂದಿಸುವ ಬದಲು ಆಯಾ ದೇಹಕ್ಕೇ ಸಮೀಕರಣವನ್ನು ಬಿಡಿಸುವುದು ಸರಿಯಾದ ಹಾದಿ. ಸ್ಥಳದಲ್ಲಿರುವ ಪುರಾವೆ ಕದಲದಂತೆ ಅಳೆಯುವುದೂ ದೊಡ್ಡ ಲಾಭ. ಹಾಗಾದರೆ ತಕರಾರು ಏನು?

ತಕರಾರು 38 ನಿಮಿಷ ಎಂಬ ಅಂಕಿಯನ್ನು ಎತ್ತಿಕೊಂಡು ಎಲ್ಲೆಡೆಗೂ ಅನ್ವಯಿಸುವುದರ ಬಗ್ಗೆ. ಆ ಅಂಕಿ ಬಂದದ್ದು ಬೆರಳೆಣಿಕೆಯ ದೇಹಗಳಿಂದ. ಬೆರಳೆಣಿಕೆಯ ಪ್ರಯೋಗಗಳಲ್ಲಿ ಕಂಡ ಗರಿಷ್ಠ ದೋಷ ಮುಂದಿನ ನೂರು ಪ್ರಕರಣಗಳ ಗರಿಷ್ಠ ದೋಷವಾಗಲಾರದು. ಎರಡನೆಯದಾಗಿ, ಲೆಕ್ಕಕ್ಕೆ ಮೂರು ಸಂಗತಿಗಳು ಗೊತ್ತಿರಬೇಕು: ಸಾಯುವ ಹೊತ್ತಿನಲ್ಲಿ ದೇಹದ ಉಷ್ಣತೆ ಎಷ್ಟಿತ್ತು, ಅಂದಿನಿಂದ ಇಂದಿನವರೆಗೆ ಸುತ್ತಲಿನ ಉಷ್ಣತೆ ಹೇಗೆ ಬದಲಾಯಿತು, ಗಾಳಿ ಎಷ್ಟು ಬೀಸಿತು. ಪ್ರಯೋಗದ ಕೋಣೆಯಲ್ಲಿ ಇವನ್ನು ಅಳೆಯಬಹುದು, ನಿಯಂತ್ರಿಸಬಹುದು. ಅಪರಾಧ ನಡೆದ ಮನೆಯಲ್ಲಿ ಇವುಗಳಲ್ಲಿ ಒಂದೂ ದಾಖಲಾಗಿರುವುದಿಲ್ಲ. ನಮ್ಮ ಮನೆಗಳನ್ನೇ ಯೋಚಿಸಿ. ಚಾವಣಿಯ ಫ್ಯಾನು ತಿರುಗುತ್ತಿದ್ದರೆ ಸಂವಹನದಿಂದ ಉಷ್ಣ ಹೋಗುವ ದರ ಒಂದು. ನಡುರಾತ್ರಿ ವಿದ್ಯುತ್ ಹೋಗಿ ಫ್ಯಾನು ನಿಂತರೆ ದರವೇ ಬೇರೆ. ಬೆಳಗ್ಗೆ ಬಾಗಿಲು ತೆರೆದು ಹತ್ತಾರು ಜನ ಒಳಗೆ ಬಂದರೆ ಮತ್ತೆ ಬೇರೆ. ಕ್ಯಾಮೆರಾ ಈ ಕ್ಷಣದ ಉಷ್ಣತೆಯನ್ನು ಡಿಗ್ರಿಯ ಹತ್ತನೇ ಒಂದರಷ್ಟು ಸೂಕ್ಷ್ಮವಾಗಿ ತೋರಿಸಬಹುದು. ನಿನ್ನೆ ರಾತ್ರಿ ಎರಡು ಗಂಟೆಗೆ ಫ್ಯಾನು ತಿರುಗುತ್ತಿತ್ತೇ ಎಂಬುದನ್ನು ಅದು ತೋರಿಸದು.

ನಮ್ಮ ಬೇಸಿಗೆಯ ಲೆಕ್ಕ

ಇನ್ನೂ ಮೂಲಭೂತವಾದ ತೊಡಕೊಂದಿದೆ. ಅದನ್ನು ಒಂದು ಚಿಕ್ಕ ಲೆಕ್ಕದಿಂದ ತೋರಿಸುತ್ತೇನೆ. 70 ಕಿಲೋಗ್ರಾಂ ತೂಕದ ದೇಹ, ಬಟ್ಟೆಯಿಲ್ಲ, ಗಾಳಿ ನಿಶ್ಚಲ, ಸಾವಿನ ಹೊತ್ತಿನ ಉಷ್ಣತೆ 37.2 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಹೆನ್ಸ್‌ಗೆ ಸೂತ್ರವನ್ನು ಬಳಸೋಣ.

ಮೊದಲು ಕೋಣೆಯ ಉಷ್ಣತೆ 20 ಡಿಗ್ರಿ ಎನ್ನೋಣ. ಹತ್ತು ಗಂಟೆಗಳ ನಂತರ ದೇಹದ ಒಳಗಿನ ಉಷ್ಣತೆ ಸುಮಾರು 31.4 ಡಿಗ್ರಿ. ಆ ಹೊತ್ತಿನಲ್ಲಿ ಅದು ಗಂಟೆಗೆ ಸುಮಾರು 0.65 ಡಿಗ್ರಿಯಂತೆ ಇಳಿಯುತ್ತಿರುತ್ತದೆ. ಉಷ್ಣತೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೆ ವೇಳೆಯಲ್ಲಿ ಸುಮಾರು ಮುಕ್ಕಾಲು ಗಂಟೆ ತಪ್ಪುತ್ತದೆ. ಸಹಿಸಬಹುದಾದ ದೋಷ.

ಈಗ ಕೋಣೆಯ ಉಷ್ಣತೆ 33 ಡಿಗ್ರಿ ಎನ್ನೋಣ. ಕರ್ನಾಟಕದ ಬಹುಭಾಗದಲ್ಲಿ ಏಪ್ರಿಲ್ ತಿಂಗಳಿನಲ್ಲಿ ಇದು ಅಸಾಮಾನ್ಯವೇನಲ್ಲ. ಹತ್ತು ಗಂಟೆಗಳ ನಂತರ ದೇಹದ ಉಷ್ಣತೆ ಸುಮಾರು 35.5 ಡಿಗ್ರಿ, ಇಳಿಯುವ ವೇಗ ಗಂಟೆಗೆ 0.15 ಡಿಗ್ರಿ ಮಾತ್ರ. ಅದೇ ಅರ್ಧ ಡಿಗ್ರಿಯ ದೋಷ ಈಗ ಮೂರು ಗಂಟೆಗೂ ಮಿಕ್ಕಿದ ದೋಷವಾಗುತ್ತದೆ. ಸತ್ತ ವ್ಯಕ್ತಿಗೆ ಜ್ವರವಿದ್ದು, ಆರಂಭದ ಉಷ್ಣತೆ ಒಂದು ಡಿಗ್ರಿ ಹೆಚ್ಚಿದ್ದಿದ್ದರೆ? ತಂಪು ಕೋಣೆಯಲ್ಲಿ ಇದರಿಂದಾಗುವ ವ್ಯತ್ಯಾಸ ಒಂದು ಗಂಟೆಗಿಂತ ಕಡಿಮೆ. ಬೆಚ್ಚನೆಯ ಕೋಣೆಯಲ್ಲಿ ಸುಮಾರು ಮೂರೂವರೆ ಗಂಟೆ.

ಸುತ್ತಲಿನ ಉಷ್ಣತೆ 37 ಡಿಗ್ರಿಗೆ ಬಂದರೆ ದೇಹ ತಂಪಾಗುವುದೇ ಇಲ್ಲ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಅಲ್ಲಿ ಬಯಲಿನಲ್ಲಿ ಬಿದ್ದ ದೇಹ ಹಗಲಿನಲ್ಲಿ ಕಾಯ್ದು ರಾತ್ರಿ ತಣಿಯಬಹುದು. ಒಂದೇ ಉಷ್ಣತೆ ಎರಡು ಮೂರು ಬೇರೆ ಬೇರೆ ಹೊತ್ತುಗಳಿಗೆ ಹೊಂದಬಹುದು. ಇಂಥ ಕಡೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಹತ್ತು ಪಟ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ. ಮಾಹಿತಿ ದೇಹದಲ್ಲೇ ಉಳಿದಿಲ್ಲದಿರುವಾಗ ಉಪಕರಣ ಅದನ್ನು ಸೃಷ್ಟಿಸಲಾರದು. ತಂಪು ದೇಶಗಳಲ್ಲಿ ಪಡೆದ ನಿಖರತೆಯ ಅಂಕಿಯನ್ನು ನಾವು ಹಾಗೆಯೇ ಆಮದು ಮಾಡಿಕೊಳ್ಳಬಾರದು ಎನ್ನುವುದಕ್ಕೆ ಇದೇ ಕಾರಣ.

ಸಿಟಿ ಚಿತ್ರ ಏನನ್ನು ಕಾಣುತ್ತದೆ?

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಡರ್ನ್‌ಹೋಫರ್, ಮೈಕೆಲ್ ಥಾಲಿ ಮೊದಲಾದವರು 1990ರ ದಶಕದ ಕೊನೆಯಲ್ಲಿ ‘ವರ್ಟಾಪ್ಸಿ’ ಎಂಬ ಯೋಜನೆಯನ್ನು ಆರಂಭಿಸಿದರು. 40 ಪ್ರಕರಣಗಳಲ್ಲಿ ಸಿಟಿ ಮತ್ತು ಎಂಆರ್‌ಐ ಚಿತ್ರಗಳನ್ನು ಶವಪರೀಕ್ಷೆಯ ಫಲಿತಾಂಶಗಳೊಂದಿಗೆ ಹೋಲಿಸಿದ ಅವರ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಗುಂಡು ಹೊಕ್ಕ ಹಾದಿ, ಮೂಳೆ ಮುರಿತ, ದೇಹದೊಳಗೆ ಸೇರಿದ ಗಾಳಿ ಇವನ್ನು ತೋರಿಸುವುದರಲ್ಲಿ ಸಿಟಿಯ ಸಾಮರ್ಥ್ಯ ಪ್ರಶ್ನಾತೀತ. ಕೆಲವು ವಿಷಯಗಳಲ್ಲಿ ಅದು ಕತ್ತಿಯನ್ನೂ ಮೀರಿಸುತ್ತದೆ. ನನ್ನ ವಿಮರ್ಶೆ ಈ ಬಳಕೆಯ ಬಗ್ಗೆ ಅಲ್ಲ. ಸಾವು ಹೇಗಾಯಿತು ಎಂದು ತೋರಿಸಬಲ್ಲ ಚಿತ್ರ ಯಾವಾಗ ಆಯಿತು ಎಂಬುದನ್ನೂ ಹೇಳೀತು ಎಂಬ ನಿರೀಕ್ಷೆಯ ಬಗ್ಗೆ.

ಸಿಟಿ ಯಂತ್ರ ಅಳೆಯುವುದು ಕ್ಷ-ಕಿರಣಗಳು ಊತಕದಲ್ಲಿ ಎಷ್ಟು ಕ್ಷೀಣಿಸುತ್ತವೆ ಎಂಬುದನ್ನು. ಇದರ ಮಾನ ಹೌನ್ಸ್‌ಫೀಲ್ಡ್. ನೀರಿಗೆ 0, ಗಾಳಿಗೆ -1000. ಸಾವಿನ ನಂತರ ಈ ಅಂಕಿಗಳು ಬದಲಾಗುವುದು ನಿಜ. ರಕ್ತಕಣಗಳು ಗುರುತ್ವದಿಂದ ಕೆಳಕ್ಕಿಳಿದು ದೊಡ್ಡ ರಕ್ತನಾಳಗಳಲ್ಲಿ ಮೇಲೊಂದು ಕೆಳಗೊಂದು ಪದರ ಕಾಣುತ್ತದೆ. ಶ್ವಾಸಕೋಶಗಳ ಕೆಳಭಾಗ ಬೆಳ್ಳಗಾಗುತ್ತದೆ. ಮಿದುಳಿನ ಬೂದು ಮತ್ತು ಬಿಳಿ ಭಾಗಗಳ ನಡುವಣ ಅಂತರ ಮಸುಕಾಗುತ್ತದೆ. ಮಿದುಳನ್ನು ಸುತ್ತುವರಿದ ದ್ರವದ ಅಂಕಿ ಏರುತ್ತದೆ. ಕೊಳೆಯಲು ತೊಡಗಿದ ಮೇಲೆ ರಕ್ತನಾಳ, ಯಕೃತ್ತುಗಳಲ್ಲಿ ಅನಿಲ ತುಂಬುತ್ತದೆ.

ಇವೆಲ್ಲ ಕಾಲದೊಂದಿಗೆ ಬದಲಾಗುತ್ತವೆ. ಆದರೆ ಕಾಲದೊಂದಿಗೆ ಮಾತ್ರವೇ ಅಲ್ಲ. ಯಕೃತ್ತಿನ ರಕ್ತನಾಳಗಳಲ್ಲಿ ಕಾಣುವ ಅನಿಲ ಕೊಳೆತದಿಂದಲೂ ಬಂದಿರಬಹುದು, ಬದುಕಿಸಲು ಎದೆಯೊತ್ತಿ ಮಾಡಿದ ಪ್ರಯತ್ನದಿಂದಲೂ ಬಂದಿರಬಹುದು. ಮಿದುಳಿನ ಬೂದು-ಬಿಳಿ ಅಂತರ ಸಾಯುವ ಮೊದಲೇ ಆಮ್ಲಜನಕದ ಕೊರತೆಯಿಂದ ಅಳಿಸಿಹೋಗಿರಬಹುದು. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಂಶೋಧಕರು 2012ರಲ್ಲಿ ದೇಹದ ಏಳು ಕಡೆಗಳಲ್ಲಿ ಕಾಣುವ ಅನಿಲಕ್ಕೆ ಅಂಕ ಕೊಟ್ಟು ಒಂದು ಸೂಚ್ಯಂಕವನ್ನು ರೂಪಿಸಿದರು. ಅವರು ಅದನ್ನು ಕರೆದದ್ದು ‘ಬದಲಾವಣೆಯ ಸೂಚ್ಯಂಕ’ ಎಂದು, ಗಡಿಯಾರ ಎಂದಲ್ಲ. ದೇಹ ಎಷ್ಟು ಕೊಳೆತಿದೆ ಎಂಬುದನ್ನು ಅದು ಹೇಳುತ್ತದೆ. ಅಷ್ಟು ಕೊಳೆಯಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಬೇರೆ ಪ್ರಶ್ನೆ. ಈ ಎಚ್ಚರ ಮೆಚ್ಚತಕ್ಕದ್ದು.

ಸಿಟಿಯಿಂದಲೇ ದೇಹದೊಳಗಿನ ಉಷ್ಣತೆಯನ್ನು ತಿಳಿಯಬಹುದಲ್ಲವೇ ಎಂದು ನೀವು ಕೇಳಬಹುದು. ತಾತ್ತ್ವಿಕವಾಗಿ ಹೌದು, ಬಿಸಿಯಾದರೆ ದ್ರವ ಹಿಗ್ಗಿ ಸಾಂದ್ರತೆ ಇಳಿಯುತ್ತದೆ. 30 ಡಿಗ್ರಿಯ ಆಸುಪಾಸಿನಲ್ಲಿ ನೀರಿನ ಸಾಂದ್ರತೆ ಡಿಗ್ರಿಗೆ ಹತ್ತುಸಾವಿರದಲ್ಲಿ ಮೂರು ಭಾಗದಷ್ಟು ಬದಲಾಗುತ್ತದೆ. ಅಂದರೆ ಒಂದು ಡಿಗ್ರಿಗೆ ಸುಮಾರು 0.3 ಹೌನ್ಸ್‌ಫೀಲ್ಡ್. ಸಾಮಾನ್ಯ ಸಿಟಿ ಚಿತ್ರದ ಒಂದು ಬಿಂದುವಿನಲ್ಲಿರುವ ಗದ್ದಲವೇ ಹಲವು ಹೌನ್ಸ್‌ಫೀಲ್ಡ್. ಸಾವಿರಾರು ಬಿಂದುಗಳ ಸರಾಸರಿ ತೆಗೆದು ಗದ್ದಲವನ್ನು ಇಳಿಸಬಹುದು. ಆದರೆ ಆ ದೇಹದ ರಕ್ತದಲ್ಲಿ ಕಣಗಳ ಪ್ರಮಾಣ ಎಷ್ಟಿತ್ತು ಎಂಬುದು ತಿಳಿಯದೆ ಈ ಅಂಕಿಯನ್ನು ಉಷ್ಣತೆಗೆ ಪರಿವರ್ತಿಸಲಾಗದು.

ಎಂಆರ್‌ಐ ಮತ್ತು ರಸಾಯನದ ಗಡಿಯಾರ

ಎಂಆರ್‌ಐಯಲ್ಲಿ ನೀರಿನ ಪ್ರೋಟಾನುಗಳು ಬಲವಾದ ಕಾಂತಕ್ಷೇತ್ರದಲ್ಲಿ ಒಂದು ನಿಶ್ಚಿತ ಆವೃತ್ತಿಯಲ್ಲಿ ಅನುರಣಿಸುತ್ತವೆ. 1.5 ಟೆಸ್ಲಾ ಯಂತ್ರದಲ್ಲಿ ಈ ಆವೃತ್ತಿ ಸುಮಾರು 64 ಮೆಗಾಹರ್ಟ್ಸ್. ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹತ್ತುಕೋಟಿಯಲ್ಲಿ ಒಂದು ಭಾಗದಷ್ಟು, ಅಂದರೆ ಸುಮಾರು 0.64 ಹರ್ಟ್ಸ್ ಇಳಿಯುತ್ತದೆ. ಇಷ್ಟು ಸಣ್ಣ ಬದಲಾವಣೆಯನ್ನೂ ಅಳೆಯಬಹುದು ಎಂಬುದು ಅದ್ಭುತವೇ. ಗಡ್ಡೆಗಳನ್ನು ಕಾಯಿಸಿ ನಾಶಮಾಡುವ ಚಿಕಿತ್ಸೆಗಳಲ್ಲಿ ಇದನ್ನು ಬಳಸುತ್ತಾರೆ. ಅಲ್ಲಿ ಚಿಕಿತ್ಸೆಗೆ ಮೊದಲಿನ ಚಿತ್ರ ಕೈಯಲ್ಲಿರುತ್ತದೆ. ಅದಕ್ಕೆ ಹೋಲಿಸಿ ವ್ಯತ್ಯಾಸವನ್ನು ಕಂಡುಕೊಳ್ಳುತ್ತಾರೆ. ಶವದ ವಿಷಯದಲ್ಲಿ ಸಾವಿನ ಹೊತ್ತಿನ ಚಿತ್ರ ಯಾರ ಬಳಿಯೂ ಇರುವುದಿಲ್ಲ. ನೀರಿನ ಆವೃತ್ತಿಯನ್ನು ಉಷ್ಣತೆಯಿಂದ ಬದಲಾಗದ ಬೇರೊಂದು ರಾಸಾಯನಿಕದ ಆವೃತ್ತಿಗೆ ಹೋಲಿಸಬಹುದು. ಮಿದುಳಿನಲ್ಲಿ ಇದಕ್ಕೆ ಬಳಕೆಯಾಗುವುದು ಅಸಿಟೈಲ್ ಆಸ್ಪಾರ್ಟೇಟ್. ಸಾವಿನ ನಂತರ ಅದೇ ಕ್ರಮೇಣ ಕರಗಿಹೋಗುತ್ತದೆ.

ಬರ್ನ್ ವಿಶ್ವವಿದ್ಯಾಲಯದ ತಂಡ ಇದಕ್ಕಿಂತ ಭಿನ್ನವಾದ ಹಾದಿ ಹಿಡಿಯಿತು. ಉಷ್ಣತೆಯ ಬದಲು ರಾಸಾಯನಿಕಗಳನ್ನೇ ಅಳೆಯುವುದು. 2002ರಲ್ಲಿ ಅವರು ಕುರಿಯ ತಲೆಗಳನ್ನು ಕೋಣೆಯ ಉಷ್ಣತೆಯಲ್ಲಿಟ್ಟು, ಮಿದುಳಿನ ರೋಹಿತವನ್ನು ದಿನಗಟ್ಟಲೆ ದಾಖಲಿಸಿದರು. ಜೀವಂತ ಮಿದುಳಿನಲ್ಲಿ ಕಾಣದ ಟ್ರೈಮಿಥೈಲಮೀನ್, ಬ್ಯುಟಿರೇಟ್ ಮುಂತಾದವು ಕಾಣಿಸಿಕೊಂಡವು. 2005ರಲ್ಲಿ ಈ ಪ್ರಮಾಣಗಳಿಂದ ಸುಮಾರು 250 ಗಂಟೆಗಳವರೆಗಿನ ಅವಧಿಯನ್ನು ಅಂದಾಜು ಮಾಡುವ ಗಣಿತವನ್ನು ಪ್ರಕಟಿಸಿದರು. ದೇಹ ಪೂರ್ತಿ ತಣಿದು ಉಷ್ಣತೆಯ ಗಡಿಯಾರ ನಿಂತ ಮೇಲೂ ನಡೆಯುವ ಗಡಿಯಾರ ಇದು. ಹೀಗಾಗಿ ಇದಕ್ಕೆ ಬೆಲೆಯಿದೆ.

ಆದರೆ ರಾಸಾಯನಿಕ ಕ್ರಿಯೆಗಳ ವೇಗ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಎರಡು ಮೂರು ಪಟ್ಟಾಗುತ್ತದೆ ಎಂಬುದು ರಸಾಯನವಿಜ್ಞಾನದ ಸ್ಥೂಲ ನಿಯಮ. ಈ ತಂಡ ಅದನ್ನು ಮರೆಯಲಿಲ್ಲ. ಸುತ್ತಲಿನ ಉಷ್ಣತೆಯ ಪ್ರಭಾವವನ್ನೇ ಪ್ರತ್ಯೇಕವಾಗಿ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿತು. ಹಾಗಾಗಿ ಮತ್ತೆ ಮೊದಲಿನ ಪ್ರಶ್ನೆಗೇ ಬಂದು ನಿಲ್ಲುತ್ತೇವೆ: ಶವ ಸಿಗುವವರೆಗಿನ ಉಷ್ಣತೆಯ ಇತಿಹಾಸ ಏನು? ಅದು ತಿಳಿಯದಿದ್ದರೆ ರೋಹಿತ ಎಷ್ಟೇ ಸ್ಪಷ್ಟವಾಗಿದ್ದರೂ ಗಡಿಯಾರ ಎಷ್ಟು ವೇಗವಾಗಿ ನಡೆಯಿತು ಎಂಬುದು ತಿಳಿಯದು.

ಇನ್ನೊಂದು ವ್ಯಾವಹಾರಿಕ ಸಂಗತಿಯನ್ನೂ ಹೇಳಬೇಕು. ಸ್ಕ್ಯಾನರ್ ಇರುವುದು ದೊಡ್ಡ ಆಸ್ಪತ್ರೆಯಲ್ಲಿ, ಶವ ಸಿಗುವುದು ಹೊಲದಲ್ಲೋ ಕೆರೆಯ ಏರಿಯ ಮೇಲೋ. ಪಂಚನಾಮೆ ಮುಗಿದು, ವಾಹನದಲ್ಲಿ ಸಾಗಿ, ಶವಾಗಾರದ ಶೀತಕದಲ್ಲಿ ಉಳಿದು, ನಂತರ ಯಂತ್ರದೊಳಗೆ ಹೋಗುವ ಹೊತ್ತಿಗೆ ದೇಹ ನಾಲ್ಕು ಬೇರೆ ಬೇರೆ ಪರಿಸರಗಳನ್ನು ಕಂಡಿರುತ್ತದೆ. ಶೀತಕದಿಂದ ತೆಗೆದ ದೇಹದ ಎಂಆರ್‌ಐ ಚಿತ್ರವೇ ಬೇರೆ. 37 ಡಿಗ್ರಿಯ ನೀರಿಗೆ ಹೋಲಿಸಿದರೆ 5 ಡಿಗ್ರಿಯ ನೀರಿನಲ್ಲಿ ಅಣುಗಳ ವಿಸರಣೆ ಅರ್ಧಕ್ಕೂ ಕಡಿಮೆ. ವಿಸರಣೆಯನ್ನು ಆಧರಿಸಿದ ಚಿತ್ರದಲ್ಲಿ ಕಂಡ ಇಳಿಕೆ ಜೀವಕೋಶಗಳು ಸತ್ತದ್ದರಿಂದಲೋ ತಂಪಿನಿಂದಲೋ ಎಂದು ಬೇರ್ಪಡಿಸದೆ ವೇಳೆಯ ಮಾತನ್ನೇ ಆಡುವಂತಿಲ್ಲ.

ಸಹಸಂಬಂಧ ಮತ್ತು ಮುನ್ನುಡಿ

ಈ ವಿಷಯದ ಪ್ರಬಂಧಗಳನ್ನು ಓದುವಾಗ ಒಂದು ಮಾತನ್ನು ಎಚ್ಚರಿಕೆಯಿಂದ ನೋಡಬೇಕು. ‘ಈ ಅಳತೆಗೂ ಮರಣಾನಂತರದ ಅವಧಿಗೂ ಉತ್ತಮ ಸಹಸಂಬಂಧವಿದೆ’ ಎಂದು ಹಲವು ಕಡೆ ಬರೆದಿರುತ್ತದೆ. ಸಹಸಂಬಂಧ ಇದ್ದ ಮಾತ್ರಕ್ಕೆ ಒಂದು ನಿರ್ದಿಷ್ಟ ಪ್ರಕರಣದಲ್ಲಿ ನಿಖರ ಉತ್ತರ ಸಿಗುತ್ತದೆ ಎಂದರ್ಥವಲ್ಲ. ಒಂದು ಶಾಲೆಯ ಮಕ್ಕಳ ಎತ್ತರಕ್ಕೂ ವಯಸ್ಸಿಗೂ ತುಂಬ ಒಳ್ಳೆಯ ಸಹಸಂಬಂಧವಿರುತ್ತದೆ. ಆದರೂ ಒಬ್ಬ ಹುಡುಗನ ಎತ್ತರವನ್ನಷ್ಟೇ ನೋಡಿ ವಯಸ್ಸು ಹೇಳಹೊರಟರೆ ಎರಡು ವರ್ಷ ತಪ್ಪುವುದು ಸುಲಭ. ನ್ಯಾಯಾಲಯದ ಮುಂದಿರುವುದು ಇಡೀ ಶಾಲೆಯಲ್ಲ, ಒಬ್ಬನೇ ಹುಡುಗ. ಚಿತ್ರಗಳನ್ನು ನೋಡಿ ವೇಳೆ ಹೇಳುವಂತೆ ಗಣಕಗಳಿಗೆ ಕಲಿಸುವ ಇಂದಿನ ಪ್ರಯತ್ನಗಳಿಗೂ ಈ ಮಾತು ಅನ್ವಯಿಸುತ್ತದೆ. ಒಂದು ಶವಾಗಾರದ ಚಿತ್ರಗಳಿಂದ ಕಲಿತ ಗಣಕ ಆ ಶವಾಗಾರದ ಪದ್ಧತಿಯನ್ನೂ ಜೊತೆಗೇ ಕಲಿತಿರಬಹುದು.

ನಾವು ಕೇಳಬೇಕಾದ ಪ್ರಶ್ನೆಗಳು

ಭಾರತದಲ್ಲಿ ಇದು ದೂರದ ಮಾತಾಗಿ ಉಳಿದಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನಗಳ ಸಂಸ್ಥೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಿಂದ ಚಿತ್ರಾಧಾರಿತ ಶವಪರೀಕ್ಷೆಯ ಕೇಂದ್ರ 2021ರ ಮಾರ್ಚ್‌ನಲ್ಲಿ ಆರಂಭವಾಯಿತು. ದೇಹವನ್ನು ಕೊಯ್ಯುವುದು ಬೇಡವೆಂದು ಮೊರೆಯಿಡುವ ಕುಟುಂಬಗಳ ಪಾಲಿಗೆ ಇದು ದೊಡ್ಡ ಸಮಾಧಾನ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಪ್ರಕರಣ, ತಜ್ಞರ ಅಭಿಪ್ರಾಯವನ್ನು ಪ್ರಸ್ತುತ ಸಂಗತಿಯೆಂದು ಪರಿಗಣಿಸುತ್ತದೆ. ಹಳೆಯ ಕಾನೂನಿನ 45ನೆಯ ಪ್ರಕರಣದ ಜಾಗದಲ್ಲಿ ಇದು ಬಂದಿದೆ. ಗಮನಿಸಿ, ಕಾನೂನು ಬಳಸಿರುವ ಪದ ‘ಅಭಿಪ್ರಾಯ’. ಆದರೆ ಬಣ್ಣಬಣ್ಣದ ಮೂರು ಆಯಾಮದ ಚಿತ್ರವೊಂದು ಪರದೆಯ ಮೇಲೆ ಮೂಡಿದಾಗ ನೋಡುವವರಿಗೆ ಅದು ಅಭಿಪ್ರಾಯದಂತೆ ಕಾಣದೆ ಕಣ್ಣಾರೆ ಕಂಡ ಸತ್ಯದಂತೆ ಕಾಣುವ ಅಪಾಯವಿದೆ. ಉಷ್ಣಚಿತ್ರದ ಕೆಂಪು-ನೀಲಿ ಬಣ್ಣಗಳು ದೇಹದಲ್ಲಿಲ್ಲ, ಅವನ್ನು ಹಚ್ಚಿದ್ದು ಗಣಕ ಎಂಬುದು ಎಷ್ಟು ಜನರಿಗೆ ಗೊತ್ತು?

ಆದ್ದರಿಂದ ಚಿತ್ರದ ಆಧಾರದ ಮೇಲೆ ಯಾರಾದರೂ ಸಾವಿನ ವೇಳೆ ಹೇಳಿದಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಒಂದು, ಯಂತ್ರ ನೇರವಾಗಿ ಅಳೆದದ್ದು ಏನು? ಎರಡು, ಅದರಿಂದ ಕಾಲವನ್ನು ಪಡೆಯಲು ಏನೇನನ್ನು ಊಹಿಸಲಾಯಿತು? ಮೂರು, ಉತ್ತರದ ಹಿಂದುಮುಂದಿನ ಮಿತಿ ಎಷ್ಟು, ನೂರರಲ್ಲಿ ಎಷ್ಟು ಪ್ರಕರಣಗಳು ಆ ಮಿತಿಯೊಳಗೆ ಬರುತ್ತವೆ? ನಾಲ್ಕು, ಈ ವಿಧಾನವನ್ನು ಇಂಥದೇ ಹವಾಮಾನದಲ್ಲಿ, ಇಂಥದೇ ದೇಹಗಳ ಮೇಲೆ, ಉತ್ತರ ಮೊದಲೇ ತಿಳಿಯದವರು ಪರೀಕ್ಷಿಸಿದ್ದಾರೆಯೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿಯಲ್ಲಿ 38 ನಿಮಿಷವೆಂದಿದ್ದರೂ ಮೂರು ಗಂಟೆಯೆಂದಿದ್ದರೂ ಅದಕ್ಕೆ ವೈಜ್ಞಾನಿಕ ಬೆಲೆಯಿಲ್ಲ.

ನಾಲ್ಕನೆಯ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮದೇ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ದೇಹದಾನದಿಂದ ಬಂದ ದೇಹಗಳಿವೆ, ಸಾವಿನ ವೇಳೆ ದಾಖಲಾದ ಪ್ರಕರಣಗಳಿವೆ. ಮಡಿಕೇರಿಯ ಮಳೆಗಾಲಕ್ಕೂ ರಾಯಚೂರಿನ ಮೇ ತಿಂಗಳಿಗೂ ತಂಪಾಗುವಿಕೆಯ ರೇಖೆಗಳು ಬೇರೆ ಬೇರೆ. ಅವನ್ನು ಅಳೆಯಲು ಮೊದಲಿಗೆ ಬೇಕಾದದ್ದು ಕೋಟಿ ರೂಪಾಯಿಯ ಯಂತ್ರವಲ್ಲ. ಸರಿಯಾಗಿ ಮಾಪನ ಮಾಡಿದ ಉಷ್ಣತಾಮಾಪಕ, ಗಂಟೆಗೊಮ್ಮೆ ಬರೆದಿಡುವ ದಾಖಲೆ ಮತ್ತು ಕುಟುಂಬದವರ ಒಪ್ಪಿಗೆ. ಕನಿಷ್ಠ ಪಕ್ಷ, ಸ್ಥಳಕ್ಕೆ ಮೊದಲು ಹೋದ ಪೊಲೀಸ್ ಸಿಬ್ಬಂದಿ ಕೋಣೆಯ ಉಷ್ಣತೆಯನ್ನೂ ಫ್ಯಾನು, ಕಿಟಕಿಗಳ ಸ್ಥಿತಿಯನ್ನೂ ಬರೆದಿಟ್ಟುಕೊಂಡರೆ ಯಾವ ಸ್ಕ್ಯಾನರ್ ಕೂಡ ಕೊಡಲಾಗದ ಮಾಹಿತಿ ಉಳಿದೀತು.

ಹೊಸ ಉಪಕರಣಗಳನ್ನು ಬೇಡವೆನ್ನುವುದು ಈ ಲೇಖನದ ಆಶಯವಲ್ಲ. ಅವು ಬರಲಿ, ಬೆಳೆಯಲಿ. ಅವುಗಳ ಉತ್ತರದ ಜೊತೆಗೆ ಅನಿಶ್ಚಿತತೆಯ ಅಂಕಿಯೂ ಕಡ್ಡಾಯವಾಗಿ ಬರಲಿ. ಎರಡು ಗಂಟೆಯ ವ್ಯತ್ಯಾಸದಲ್ಲಿ ನಿರಪರಾಧಿಯೊಬ್ಬ ಅಪರಾಧಿಯಾಗಬಹುದಾದ ಕಡೆ, ‘ಇದಕ್ಕಿಂತ ನಿಖರವಾಗಿ ಹೇಳಲು ಸಾಧ್ಯವಿಲ್ಲ’ ಎಂಬ ವಾಕ್ಯವನ್ನು ಬರೆಯುವುದೂ ವಿಜ್ಞಾನಿಯ ಕರ್ತವ್ಯ.